ಯಾಕೂಬ ಬರೆದುಕೊಟ್ಟ ಹಾಳಿ

ವಿಜಯಪುರದಲ್ಲಿ ಯಾರಿಗೆ ಯಾರು ಎಷ್ಟು ಬೇಕಾದವರು ಅನ್ನುವುದನ್ನು ಇಂಚಿನ ಲೆಕ್ಕದಲ್ಲಿ ಹೇಳಬಲ್ಲವನು ಯಾಕೂಬ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಬಸಲಿಂಗಯ್ಯನವರದೊಂದು ಫ್ಲೆಕ್ಸ್ ಅಂಗಡಿಯಿದೆ. ಅಲ್ಲಿ ಕಂಪ್ಯೂಟರ್ ಮುಂದೆ ಕೂತು ಹುಟ್ಟುಹಬ್ಬದ್ದು, ಮನೆ ಶಾಂತಿಯದು, ಶ್ರದ್ಧಾಂಜಲಿಯದು ಅಂತ ಫ್ಲೆಕ್ಸ್ ತಯಾರು ಮಾಡುವುದು ಏಳು ವರ್ಷದಿಂದ ಅವನ ಕೆಲಸ. ನಡುವೆ ದೊಡ್ಡ ಮುಖ, ಎಡಬಲಕ್ಕೆ ಎದೆಮಟ್ಟದ ಎರಡು ಮುಖ, ಕೆಳಗೆ ದುಂಡಗಿನ ಚೌಕಟ್ಟಿನೊಳಗೆ ಸಾಲಾಗಿ ‘ಶುಭ ಕೋರುವವರು’. ಆ ಸಾಲಿನಲ್ಲಿ ಯಾರು ಮೊದಲು, ಯಾರ ತಲೆ ಯಾರ ತಲೆಗಿಂತ ಕಾಲಿಂಚು ಮೇಲೆ ಅನ್ನುವುದರ ಸಲುವಾಗಿ ಮನೆತನಗಳು ಮಾತು ಬಿಟ್ಟಿವೆ, ಆಗಿದ್ದ ನಿಶ್ಚಯ ಮುರಿದಿವೆ. ಇಂಥ ನಾಜೂಕಿನ ರಾಜಕಾರಣವನ್ನು ಮೌಸಿನ ತುದಿಯಲ್ಲಿ ನಡೆಸುವ ಯಾಕೂಬನ ಮುಖ ಮಾತ್ರ ಊರಿನ ಯಾವ ಫ್ಲೆಕ್ಸಿನಲ್ಲೂ ಇಲ್ಲ.

ಇಲ್ಲ ಅಂದರೆ ಪೂರ್ತಿ ಖರೆ ಆಗುವುದಿಲ್ಲ. ಒಂದು ಸಲ ಬಂದಿತ್ತು. ಯಾರದೋ ಅಳಿಯನ ಫೋಟೋ ಇನ್ನೂ ಬಂದಿರಲಿಲ್ಲ. ಜಾಗ ಹಿಡಿದಿರಲಿ ಅಂತ ತನ್ನದೇ ಫೋಟೋ ಇಟ್ಟಿದ್ದ, ತೆಗೆಯಲು ಮರೆತ. ಬಸ್‌ಸ್ಟ್ಯಾಂಡ್ ಎದುರು ಒಂಬತ್ತು ದಿನ ಅಳಿಯನಾಗಿ ನೇತಾಡಿದ. ಯಾರೂ ಗುರುತಿಸಲಿಲ್ಲ, ಆ ಅಳಿಯನೂ. ಆಟೋ ಹತ್ತಿದಾಗ ಯಾಕೂಬನೇ ಬೆರಳು ಮಾಡಿ ತೋರಿಸಿದರೆ ಆಟೋದವನು, "ನಿಮ್ಮ ಅಣ್ಣಾರೇನ್ರೀ? ನಿಮಗಿಂತ ಚಲೋ ಅದಾರ" ಅಂದಿದ್ದ.

ಹೀಗೆ ಇಪ್ಪತ್ತೆಂಟು ವರ್ಷಕ್ಕೇ ‘ತಾನು ಎಲ್ಲೂ ಎದ್ದು ಕಾಣುವ ಮನುಷ್ಯ ಅಲ್ಲ’ ಅನ್ನುವ ತಿಳಿವಳಿಕೆಗೆ ಬಂದಿದ್ದ ಯಾಕೂಬನಿಗೆ, ತಾನು ಏನೋ ಒಂದು ಅನ್ನಿಸಿದ್ದು ಹೋದ ಶ್ರಾವಣದಲ್ಲಿ. ಅದಕ್ಕೆ ಕಾರಣ ಒಂದು ಕುಸ್ತಿ.

ಕುಸ್ತಿ ಅಂದರೆ ಗರಡಿಯದಲ್ಲ, ಟಿವಿಯದು. ಯಾಕೂಬ ಹುಟ್ಟಿ ಬೆಳೆದದ್ದು ಟಿಕೋಟಾದಲ್ಲಿ. ಅವನೂ ಗೆಳೆಯ ಮುತ್ತುವೂ ಒಂದೇ ಸಾಲಿ, ಒಂದೇ ಬೆಂಚು. ಮುತ್ತುನ ಮನೆಯಲ್ಲಿ ಕ್ಯಾಸೆಟ್ ಸಿಕ್ಕಿಸಿ ಟಿವಿಗೆ ಹಚ್ಚುವ ವಿಡಿಯೋ ಗೇಮ್ ಪೆಟ್ಟಿಗೆಯಿತ್ತು. ಅದರಲ್ಲಿ ಕೆಂಪು ಚಡ್ಡಿಯ ಪೈಲ್ವಾನ ಒಬ್ಬ, ನೀಲಿ ಚಡ್ಡಿಯ ಪೈಲ್ವಾನ ಒಬ್ಬ. ಕೆಂಪು ಮುತ್ತುನದು, ನೀಲಿ ಯಾಕೂಬನದು. ಆಮೇಲೆ ಮುತ್ತುನ ಮನೆಯವರು ಬಬಲೇಶ್ವರಕ್ಕೆ ಹೋದರು. ಅಲ್ಲಿ ಅವನದು ಈಗ ಮೊಬೈಲ್ ಅಂಗಡಿ. ಯಾಕೂಬ ತಾಯಿ ಮದೀನಾಬಿಯನ್ನು ಕರೆದುಕೊಂಡು ವಿಜಯಪುರದ ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ಬಾಡಿಗೆ ಮನೆ ಹಿಡಿದ.

ಹಳೇ ಪೆಟ್ಟಿಗೆಗಳ ಆಟವನ್ನು ಇಂದಿನ ಕಂಪ್ಯೂಟರಿನಲ್ಲಿ ಇದ್ದ ಹಾಗೇ ನಡೆಸುವ ಸಾಫ್ಟ್‌ವೇರುಗಳಿವೆ, ಎಮ್ಯುಲೇಟರ್ ಅನ್ನುತ್ತಾರೆ. ಇದು ಯಾಕೂಬನಿಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದ್ದು, ಅದೇ ಆಟವನ್ನು ಎರಡು ಊರಿನಲ್ಲಿ ಕೂತ ಇಬ್ಬರು ಇಂಟರ್ನೆಟ್ಟಿನ ಮೇಲೆ ಕೂಡಿ ಆಡಬಹುದು ಅನ್ನುವುದು. ಗೊತ್ತಾದ ದಿನ ಶ್ರದ್ಧಾಂಜಲಿ ಫ್ಲೆಕ್ಸೊಂದಕ್ಕೆ ಬಲೂನು ಹಾಕಿ ಕೂತಿದ್ದ. ಬಸಲಿಂಗಯ್ಯನವರು ಹಿಂದಿನಿಂದ ನೋಡಿ, "ಯಾಕೂಬ, ಸತ್ತಾವ್ರು ಖುಷಿ ಆಗ್ಯಾರೇನಪಾ?" ಅಂದಾಗಲೇ ಎಚ್ಚರ.

ಮುತ್ತುಗೆ ಫೋನ್ ಹಚ್ಚಿದ. ಇಬ್ಬರೂ ಎಮ್ಯುಲೇಟರ್ ಹಾಕಿಕೊಂಡರು, ಇಬ್ಬರೂ ಕುಸ್ತಿ ಆಟದ ಫೈಲ್ ಹುಡುಕಿ ತಂದರು, ರವಿವಾರ ಮೂರು ಗಂಟೆಗೆ ಕೂತರು. ಕುಸ್ತಿ ಶುರುವಾಯಿತು.

"ಬಿದ್ದಿ ನೋಡು ಮಗನ!" ಅಂತ ಯಾಕೂಬ ಫೋನಿನಲ್ಲಿ ಕೂಗಿದ.

"ಯಾರಲೇ ಬಿದ್ದಾಂವ? ನಿನ್ನ ಎದಿ ಮ್ಯಾಲ ಕುಂತೇನಿ ನಾ."

"ಎಲ್ಲಿ ಕುಂತೀಯೋ, ಹಗ್ಗದ ಹಂತ್ಯಾಕ ಅಂಗಾತ ಬಿದ್ದೀ."

"ಕಣ್ಣು ತೋರಿಸ್ಕೋಳಲೇ ಯಾಕ್ಯಾ. ರೆಫ್ರಿ ಮೂರು ಎಣಿಸಿ ನನ್ನ ಕೈ ಎತ್ಯಾನ."

"ನನ್ನ ಕೈನೂ ಎತ್ಯಾನಲ್ಲೋ!"

ಇಬ್ಬರೂ ಗೆದ್ದಿದ್ದರು. ಯಾಕೂಬ ನಾಲ್ಕು ದಿನ ತಲೆ ಕೆಡಿಸಿಕೊಂಡು ಕಾರಣ ಹುಡುಕಿದ. ಈ ವ್ಯವಸ್ಥೆಯಲ್ಲಿ ಆಟದ ಚಿತ್ರ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವುದೇ ಇಲ್ಲ. ಹೋಗುವುದು ಯಾರು ಯಾವ ಗುಂಡಿ ಒತ್ತಿದರು ಅನ್ನುವ ಸುದ್ದಿ ಅಷ್ಟೇ. ಆಟವನ್ನು ಎರಡೂ ಕಂಪ್ಯೂಟರುಗಳು ತಮ್ಮ ತಮ್ಮ ಮನೆಯಲ್ಲಿ ಬೇರೆ ಬೇರೆಯಾಗೇ ಆಡಿಸುತ್ತವೆ. ಸಾಫ್ಟ್‌ವೇರೂ ಆಟದ ಫೈಲೂ ಎರಡು ಕಡೆ ಕೂದಲೆಳೆಯಷ್ಟೂ ಫರಕಿಲ್ಲದೆ ಒಂದೇ ಇದ್ದರೆ ಕುಸ್ತಿಯೂ ಒಂದೇ; ಫರಕಿದ್ದರೆ ಇಲ್ಲೊಂದು ಕುಸ್ತಿ, ಅಲ್ಲೊಂದು ಕುಸ್ತಿ. ಮುತ್ತುನ ಫೈಲು ಯಾರೋ ತಿದ್ದಿದ್ದಾಗಿತ್ತು. ಯಾಕೂಬ ತನ್ನ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಇಂಟರ್ನೆಟ್ಟಿನಲ್ಲೇ ಕಳಿಸಬಹುದಾಗಿತ್ತು ಅನ್ನುವುದು ಹೊಳೆಯುವ ಮೊದಲೇ ಬಬಲೇಶ್ವರದ ಬಸ್ಸು ಹತ್ತಿದ.

ಆಮೇಲೆ ಬಾಗಿಲಿನ ತೊಡಕು ಬಂತು. ಅವನ ಓಣಿಗೆಲ್ಲ ಕೂಡಿ ಇಂಟರ್ನೆಟ್ಟಿನಲ್ಲಿ ಒಂದೇ ವಿಳಾಸ. ಹೊರಗಿನವನು ಬಂದು ಯಾಕೂಬನ ಮನೆಯ ಬಾಗಿಲನ್ನೇ ತಟ್ಟುವ ಹಾಗಿರಲಿಲ್ಲ. ಲೈನ್ ಕೊಡುವ ಸೋಮುನ ಬೆನ್ನು ಹತ್ತಿ ತನಗೊಂದು ಬೇರೆ ವಿಳಾಸ ಹಾಕಿಸಿಕೊಂಡ.

"ಇದನ್ನ ದೊಡ್ಡ ದೊಡ್ಡ ಆಫೀಸಿನವ್ರು ತಗೋತಾರ್ರಿ," ಅಂದ ಸೋಮು. "ಅಂಥಾದ್ದೇನ ನಡಸ್ತೀರಿ ಮನ್ಯಾಗ?"

"ಕುಸ್ತಿ."

ಸೋಮು ಒಳಕೋಣೆಯ ಕಡೆ ಇಣುಕಿ ನೋಡಿ, ಸಹಿ ಮಾಡಿಸಿಕೊಂಡು ಹೋದ.

ಎಲ್ಲ ಕೂಡಿ ಬಂದ ಆ ರವಿವಾರ ಯಾಕೂಬನಿಗೆ ಮರೆಯುವಂಥದ್ದಲ್ಲ. ಇಲ್ಲಿ ಗುಂಡಿ ಒತ್ತಿದರೆ ಕಣ್ಣು ಮಿಟುಕಿಸುವಷ್ಟು ತಡ, ನೀಲಿ ಪೈಲ್ವಾನ ಕಾಲು ಬೀಸಿದ; ಬಬಲೇಶ್ವರದಲ್ಲಿ ಮುತ್ತು ‘ಯಪ್ಪಾ’ ಅಂದ. ಒಂದೇ ಕುಸ್ತಿ, ಒಬ್ಬನೇ ಸೋತ. ಸೋತವನು ಯಾಕೂಬ, ಅದು ಬೇರೆ ಮಾತು. ಹದಿನಾರು ವರ್ಷದ ಮೇಲೆ ಗೆಳೆಯನ ಕೈಯಲ್ಲಿ ಸೋತ ಸುಖಕ್ಕೆ ಎದ್ದು ಹೋಗಿ ತಾಯಿಗೆ ಚಹಾ ಮಾಡಿಕೊಟ್ಟ. ಮದೀನಾಬಿ ಗುಟುಕರಿಸಿ, "ಸಕ್ಕರಿ ಹಾಕಿಲ್ಲ, ಆದರೂ ಇರಲಿ ಬೇಟಾ" ಅಂದಳು.

ಟಿಕೋಟಾದಲ್ಲಿ ಅವನ ಖಾಲಾನ, ಅಂದರೆ ಚಿಕ್ಕಮ್ಮನ, ಮಗ ಅಜರುದ್ದೀನ ಇದ್ದ. ಒಣದ್ರಾಕ್ಷಿ ಶೆಡ್ಡಿನಲ್ಲಿ ಆರಿಸಿ ವಿಂಗಡಿಸುವ ಕೆಲಸ, ಇಪ್ಪತ್ನಾಲ್ಕರ ವಯಸ್ಸು, ಹೇಳಿದ್ದನ್ನು ಒಮ್ಮೆಗೇ ಹಿಡಿಯುವ ತಲೆ. ಯಾಕೂಬ ಅವನನ್ನೂ ಸೇರಿಸಿಕೊಂಡ. ನಡುವೆ ವಿಜಯಪುರದಲ್ಲಿ ಯಾಕೂಬನ ಕಂಪ್ಯೂಟರು, ಅದೇ ಕಣ. ಒಂದು ಬದಿಯಿಂದ ಟಿಕೋಟಾ, ಇನ್ನೊಂದು ಬದಿಯಿಂದ ಬಬಲೇಶ್ವರ ಬಂದು ಅದರಲ್ಲಿ ಇಳಿಯಬೇಕು. ಕಣದ ಬಾಗಿಲಿಗೊಂದು ಪಾಸ್‌ವರ್ಡು, ಮೂವರಿಗೆ ಮಾತ್ರ ಗೊತ್ತು. ಆಡದ ಮೂರನೆಯವನು ನೋಡುಗನಾಗಿ ಒಳಗೆ ಬಂದು ಕೂಡಬಹುದು. ಯಾರು ಬಂದರೂ ಹೋದರೂ ಎಲ್ಲರ ಪರದೆಯ ಕೆಳಗೆ ಹಳದಿ ಅಕ್ಷರದಲ್ಲಿ ಹೆಸರು ಮೂಡುತ್ತಿತ್ತು.

ಮುತ್ತು ಇದನ್ನೆಲ್ಲ ಅಂಗಡಿಯ ದೊಡ್ಡ ಟಿವಿಗೆ ಹಚ್ಚಿದ. ಮೊಬೈಲ್ ಗಾಜು ಹಾಕಿಸಲು ಬಂದವರು ನಿಂತು ನೋಡಿದರು. ಎದುರಿನವನು ಟಿಕೋಟಾದವನು ಅಂತ ತಿಳಿದ ಮೇಲೆ ಹೋಗುವವರು ಹೋಗಲಿಲ್ಲ. ಕಬ್ಬಿನ ಬಬಲೇಶ್ವರದ ಕಡೆಯವರಿಗೂ ದ್ರಾಕ್ಷಿಯ ಟಿಕೋಟಾ ಕಡೆಯವರಿಗೂ ಹಳೇ ಮೇಲಾಟ. ಬಬಲೇಶ್ವರದವನು ನೀರು ಕುಡಿಯಲು ಎದ್ದರೆ, "ದ್ರಾಕ್ಷಿಯವ್ರು ಹೊಡದ ಓಡಿಸ್ಯಾರ ನೋಡ್ರಿ" ಅಂತ ಟಿಕೋಟಾದಿಂದ ಕೂಗು. ಎರಡು ತಿಂಗಳೊಳಗೆ ರವಿವಾರ ಮುತ್ತುನ ಅಂಗಡಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ.

ದೀಪಾವಳಿಯ ಮಾರನೇ ವಾರ ಮುತ್ತು ವಿಜಯಪುರಕ್ಕೆ ಬಂದ. ಅಥಣಿ ರಸ್ತೆಯ ಚಹಾದಂಗಡಿಯಲ್ಲಿ ಮಿರ್ಚಿ ಭಜಿಯ ತೊಟ್ಟು ಮುರಿಯುತ್ತ ಹೇಳಿದ.

"ಅಂಗಡಿ ಹಿಂದಿಂದು ದೊಡ್ಡ ಖೋಲಿ ಖಾಲಿ ಐತಿ. ಆಟದ ಮನಿ ಮಾಡೂಣು. ಬಬಲೇಶ್ವರದಾಗೊಂದು, ಟಿಕೋಟಾದಾಗೊಂದು. ಊರಿಗೆ ಊರು ಕುಸ್ತಿ. ಅಂಗಡಿ ನಂದು, ತಲಿ ನಿಂದು."

"ನಾ ಫ್ಲೆಕ್ಸ್ ಮಾಡಾಂವಪಾ. ನನ್ನ ತಲ್ಯಾಗ ಏನೈತಿ?"

"ಹುಚ್ಚಪ್ಪ್ಯಾಲಿ, ನಿನ್ನ ತಲ್ಯಾಗ ಇರೂದ ಇಡೀ ಜಿಲ್ಲಾದಾಗ ಯಾರ ಕಡೇನೂ ಇಲ್ಲ. ಬೋರ್ಡಿನ ಮ್ಯಾಲ ಇಬ್ಬರದೂ ಹೆಸರು. ಉಗಾದಿಗೆ ಶುರು. ನೌಕರಿಗೆ ರಾಮ್ ರಾಮ್ ಹೇಳು."

ಯಾಕೂಬ ಅಂಥ ಮಾತನ್ನು ಇನ್ನೊಬ್ಬರ ಹುಟ್ಟುಹಬ್ಬಕ್ಕೆ ನೂರು ಸಲ ಟೈಪ್ ಮಾಡಿದ್ದ. ತನಗೇ ಯಾರೋ ಹೇಳಿದ್ದು ಮೊದಲ ಸಲ. ಕಣ್ಣಲ್ಲಿ ನೀರು ಬಂತು, ಮೆಣಸಿನಕಾಯಿ ಅಂದ.

ಅಂದಿನಿಂದ ಅವನು ರವಿವಾರ ರವಿವಾರ ಬಬಲೇಶ್ವರಕ್ಕೆ ಹೋಗಿ ಮಷೀನು ಹಚ್ಚಿದ, ತಂತಿ ಎಳೆದ, ಒಂದೊಂದರಲ್ಲೂ ಒಂದೇ ಸಾಫ್ಟ್‌ವೇರು, ಒಂದೇ ಫೈಲು ಇದೆಯೇ ಅಂತ ತಾಳೆ ನೋಡಿದ. ಟಿಕೋಟಾದಲ್ಲಿ ಅಜರುದ್ದೀನನ ಮನೆಯ ಮುಂದಿನ ಖೋಲಿಯಲ್ಲೂ ಹಾಗೇ. ತಾನಿಲ್ಲದಾಗ ತೊಡಕಾದರೆ ಇರಲಿ ಅಂತ ಒಂದು ಹಾಳಿ ಬರೆದ. ಅವನ ಜೀವಮಾನದ ಕೃತಿ ಅಂತಿದ್ದರೆ ಅದೇ. ಇಂಗ್ಲಿಷಿನಲ್ಲಿ ಮೂವತ್ತು ಪುಟದ ಗೋಜಲನ್ನು ಕನ್ನಡದಲ್ಲಿ ಹದಿನಾಲ್ಕು ಸಾಲಿಗೆ ಇಳಿಸಿದ್ದ. ‘ಮೊದಲು ಎರಡೂ ಕಡೆ ಫೈಲ್ ಒಂದೇ ಐತೋ ಇಲ್ಲೋ ನೋಡ್ರಿ. ಇಲ್ಲಂದ್ರ ಮುಂದ ಹೋಗಬ್ಯಾಡ್ರಿ, ಜಗಳ ಆಕ್ಕೈತಿ.’ ಹೀಗೆ ಶುರು. ಬೇರೆ ವಿಳಾಸ ಹಾಕಿಸಿಕೊಳ್ಳುವುದರಿಂದ ಹಿಡಿದು ಕಣ ಒಂದು ಮಷೀನಿನಿಂದ ಇನ್ನೊಂದಕ್ಕೆ ಎತ್ತುವುದು ಹೇಗೆ ಅನ್ನುವುದೂ ಅದರಲ್ಲಿತ್ತು. ತನ್ನ ಮನೆಯ ಕರೆಂಟು ಹೋದರೆ ಆಟ ನಿಲ್ಲಬಾರದಲ್ಲ. ಅಂಗಡಿಯಲ್ಲೇ ಲ್ಯಾಮಿನೇಷನ್ ಮಾಡಿ ಎರಡು ಊರಿಗೂ ಒಂದೊಂದು ಕೊಟ್ಟ. ಅಜರುದ್ದೀನ ಓದಿ, "ಯಾಕೂಬಭಾಯ್, ಇದನ್ನ ಹಿಡಕೊಂಡು ನಮ್ಮಮ್ಮಿನೂ ಹಚ್ತಾಳ" ಅಂದ. ಯಾಕೂಬ ಉಬ್ಬಿಹೋದ. ಉಬ್ಬಿದವನಿಗೆ ಆ ಮಾತಿನ ಇನ್ನೊಂದು ಮಗ್ಗುಲು ಎಲ್ಲಿ ಕಾಣಬೇಕು?

ಬಸಲಿಂಗಯ್ಯನವರಿಗೆ ಹೇಳಿದ: "ಉಗಾದಿ ಆದ ಮ್ಯಾಲ ನಾ ಬರೂದಿಲ್ರಿ ಅಯ್ಯಾರ. ಸ್ವಂತದ್ದು ಮಾಡಾಕತ್ತೇನಿ."

ಅಯ್ಯನವರು ಕನ್ನಡಕ ಹಣೆಗೇರಿಸಿ, "ಮಾಡಪಾ, ಚಲೋ ಆಗ್ಲಿ. ಓಪನಿಂಗ್ ಫ್ಲೆಕ್ಸ್ ಮಾತ್ರ ನಮ್ಮಲ್ಲೇ ಆಗಬೇಕು ನೋಡು. ಹತ್ತು ಬೈ ಹದಿನೈದು ಫುಟ್ಟಿಂದು ಹಾಕಿ ಕೊಡ್ತೀನಿ, ನನ್ನ ಕಡಿಂದ" ಅಂದರು. ಮದೀನಾಬಿ ಅಕ್ಕಪಕ್ಕದ ಮನೆಗಳಿಗೆ ಹೇಳಿ ಬಂದಳು. ಆಕೆ ಹೇಳುವಷ್ಟರಲ್ಲಿ ಅದು ಆಟದ ಮನೆಯಾಗಿ ಉಳಿದಿರಲಿಲ್ಲ, ‘ಬಬಲೇಶ್ವರದಾಗ ನಮ್ಮ ಯಾಕೂಬಂದು ಕಂಪ್ಯೂಟರ್ ಆಫೀಸು’ ಆಗಿತ್ತು.

ಉಗಾದಿ ಒಂದು ತಿಂಗಳಿದೆ ಅನ್ನುವಾಗ ರವಿವಾರದ ಕುಸ್ತಿ ನಿಂತಿತು. "ಟಿಕೋಟಾದಾಗ ನೆಟ್ ಇಲ್ಲ ಭಾಯ್," ಅಂದ ಅಜರುದ್ದೀನ. ಮರುವಾರವೂ ನೆಟ್ ಇಲ್ಲ. ಅದರ ಮರುವಾರವೂ. ಯಾಕೂಬ ಸೋಮುನ ಹತ್ತಿರ ಹೋಗಿ ಟಿಕೋಟಾದ ಪರವಾಗಿ ಜಗಳ ತೆಗೆದ. "ಊರಿಗೂರೇ ಮೂರು ವಾರ ಬಂದ್ ಅಂದ್ರ ಏನ್ ಮಾರಾಯಾ?"

"ಟಿಕೋಟಾ ಲೈನು ಚಾಲೂ ಐತ್ರಿ," ಅಂದ ಸೋಮು. "ನಮ್ಮ ಮಾವ ಅಲ್ಲೇ ಅದಾನ, ಈಗ ವಿಡಿಯೋ ಕಾಲ್ ಮಾಡಿದ್ದ."

"ನಿಮ್ಮ ಮಾವನ ಸುದ್ದಿ ಯಾರಿಗೆ ಬೇಕು? ನಮ್ಮ ತಮ್ಮ ಸುಳ್ಳ ಹೇಳ್ತಾನೇನು?" ಅಂತ ಯಾಕೂಬ ಎದೆಯುಬ್ಬಿಸಿ ಬೈದು ಬಂದ.

ಉಗಾದಿಗೆ ಇನ್ನೊಂದು ವಾರ. ಶುಕ್ರವಾರ ಜುಮ್ಮಾ ನಮಾಜಿನ ಮೇಲೆ ಯಾಕೂಬನಿಗೆ ಅಂಗಡಿಯಿಲ್ಲ. ಆ ಹೊತ್ತು ಇನ್ನೊಬ್ಬ ಆಪರೇಟರ್ ಕೂಡುತ್ತಾನೆ. ಅಂದು ಆತ ಮದುವೆಗೆ ಹೋಗಿದ್ದ, ಅಯ್ಯನವರು ಫೋನ್ ಮಾಡಿ ಯಾಕೂಬನನ್ನು ಕರೆಸಿದರು. ಅಂಗಡಿಯಲ್ಲಿ ಪರಿಚಯವಿಲ್ಲದ ಒಬ್ಬರು ಪೆನ್‌ಡ್ರೈವ್ ಹಿಡಿದು ಕೂತಿದ್ದರು.

"ಬಬಲೇಶ್ವರದಿಂದ ಬಂದೇನ್ರಿ. ಓಪನಿಂಗ್ ಫ್ಲೆಕ್ಸ್ ಐತಿ, ಇವತ್ತ ಬೇಕು. ಫ್ಲೆಕ್ಸ್ ಚಲೋ ಆಗೂದು ಇಲ್ಲೇ, ಜುಮ್ಮಾ ಆದ ಮ್ಯಾಲ ಹೋಗು, ಆವಾಗ ಗದ್ದಲ ಇರೂದಿಲ್ಲ ಅಂತ ಹೇಳಿ ಕಳಿಸ್ಯಾನ ನಮ್ಮ ಭಾವಮೈದುನ."

ಯಾಕೂಬ ಪೆನ್‌ಡ್ರೈವ್ ತೆರೆದ. ಹದಿನೇಳು ಫೋಟೋ. ಮೊದಲನೆಯದರಲ್ಲಿ ಕರೀ ಕೋಟು ಹಾಕಿ ಕೈಕಟ್ಟಿ ನಿಂತವನು ಮುತ್ತು. ಎರಡನೆಯದರಲ್ಲಿ, ಅದೇ ಸ್ಟುಡಿಯೋ, ಅದೇ ಕೋಟು, ಅಜರುದ್ದೀನ. ಹೆಗಲಿಗೆ ಕೋಟು ಸಡಿಲಾಗಿತ್ತು. ಜೊತೆಗೆ ಕೈಬರಹದ ಚೀಟಿ: ಟಿಕೋಟಾ-ಬಬಲೇಶ್ವರ ಕುಸ್ತಿ ಆಟದ ಮನೆ. ಉಗಾದಿಯನ್ನೂ ಕಾಯದೆ, ಇದೇ ರವಿವಾರ ಮುಂಜಾನೆ ಹನ್ನೊಂದಕ್ಕೆ ಉದ್ಘಾಟನೆ. ಪಾಲುದಾರರು, ಎರಡು ಹೆಸರು. ಆಮೇಲೆ ಶುಭ ಕೋರುವವರು ಹದಿನೈದು ಜನ. ಮುತ್ತುನ ಅಂಗಡಿಗೆ ಕವರ್ ಸಪ್ಲೈ ಮಾಡುವವನಿದ್ದ, ಓಣಿಯ ಕಿರಾಣಿಯವನಿದ್ದ, ಅಜರುದ್ದೀನನ ಶೆಡ್ಡಿನ ಆಳುಗಳ ಮುಕಾದಮನಿದ್ದ. ಯಾಕೂಬ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದ, ಕೆಳಗಿನಿಂದ ಮೇಲೆ ಓದಿದ. ತನ್ನ ಹೆಸರು ಯಾರೋ ಮಡಿಚಿದ ಕಡೆ ಸಿಕ್ಕಿರಬೇಕು ಅಂತ ಚೀಟಿಯ ಬೆನ್ನು ಹೊರಳಿಸಿಯೂ ನೋಡಿದ. ಅಲ್ಲಿ ಎರಡು ಡಜನ್ ಬಾಳೆಹಣ್ಣು, ಒಂದು ಹಾರ ಅಂತಿತ್ತು.

ಹೊರಗೆ ಓಣಿಗೆ ಬಂದು ಫೋನ್ ಹಚ್ಚಿದ.

"ಹೇಳಲೇ ದೋಸ್ತ," ಅಂದ ಮುತ್ತು.

"ನಿನ್ನ ಫ್ಲೆಕ್ಸ್ ನನ್ನ ಮುಂದ ಐತಿ."

"ಇವತ್ತ ಶುಕ್ರವಾರ ಅಲ್ಲೇನಲೇ?"

ಬಾಯಿ ತಪ್ಪಿ ಬಂದ ಆ ಒಂದು ಮಾತು ಸಾಕಾಗಿತ್ತು. ಮುತ್ತು ಗಂಟಲು ಸರಿಮಾಡಿಕೊಂಡ. "ನೋಡು, ಅದು ಬರೇ ಫ್ಲೆಕ್ಸ್. ನೀನ ಅಂತಿದ್ದಿ, ಗಾಳಿ ಬಿಟ್ರ ಹರೀತೈತಿ ಅಂತ."

"ಪಾಲುದಾರರು ಅಂತ ಬರಿಸೀ. ಅಜರುದ್ದೀನ ಅಂತ ಐತಿ."

"ಅಂವ ಶೆಡ್ ಬಿಟ್ಟು ದಿನಾ ಕೂಡ್ತಾನಲ್ಲೋ. ಮನಿ ಖೋಲಿ ಕೊಟ್ಟಾನ. ನೀ ರವಿವಾರಕ್ಕೊಮ್ಮಿ ಬರಾಂವ. ಮ್ಯಾಲ ನಿನಗ ನೌಕರಿ ಐತಿ."

"ಬಿಡ್ತೀನಿ ಅಂತ ಹೇಳೇನಿ. ನೀನ ಹೇಳಂದಿ."

"ಹೇಳೀ, ಬಿಟ್ಟಿಲ್ಲಲ್ಲ? ಮತ್ತೇನು!" ಮುತ್ತುನ ದನಿಯಲ್ಲಿ ಗೆಳೆಯನನ್ನು ಗಂಡಾಂತರದಿಂದ ಪಾರು ಮಾಡಿದವನ ಸಮಾಧಾನವಿತ್ತು.

"ಅದನ್ನೆಲ್ಲಾ ಹಚ್ಚಿದಾಂವ ಯಾರಲೇ?"

"ನೀನ. ಅಲ್ಲ ಅಂದಾವ್ರು ಯಾರು? ನಿನ್ನ ಹಾಳಿ ಕೌಂಟರ್ ಗಾಜಿನ ಕೆಳಗ ಇಟ್ಟೇನಿ. ಎಷ್ಟ್ ಚಂದ ಬರದೀ ಅಂದ್ರ, ಈಗ ಯಾರನ್ನೂ ಕೇಳೂದ ಬೇಕಾಗಿಲ್ಲ."

ಹೊಗಳಿಕೆ ಅಂತಲೇ ಹೇಳಿದ. ಯಾಕೂಬ ಫೋನ್ ಇಟ್ಟ. ಟಿಕೋಟಾದ ನಂಬರಿಗೆ ಹಚ್ಚಿದ, ಅಜರುದ್ದೀನ ಎತ್ತಲಿಲ್ಲ.

ಒಳಗೆ ಬಂದು ಫ್ಲೆಕ್ಸ್ ಮಾಡಿದ. ಮುತ್ತುನ ಕಣ್ಣ ಕೆಳಗಿನ ಕಪ್ಪು ಅಳಿಸಿದ. ಅಜರುದ್ದೀನನ ಮೊಡವೆ ತೆಗೆದ, ಕೋಟಿನ ಹೆಗಲು ಹಿಡಿದು ಸರಿಯಾಗಿ ಕೂಡಿಸಿದ. ಹದಿನೈದು ದುಂಡು ಚೌಕಟ್ಟು ಒಂದರ ಪಕ್ಕ ಒಂದು ಇಟ್ಟ. ಕೈ ಬೇಕೆಂದು ಒಂದು ತಪ್ಪು ಮಾಡಲೂ ಒಪ್ಪಲಿಲ್ಲ. ಏಳು ವರ್ಷದ ಚಾಳಿ, ಕೆಟ್ಟದ್ದು.

ಬಸಲಿಂಗಯ್ಯನವರು ಬಂದು ಪರದೆ ನೋಡಿದರು. "ಇದು ನಿಂದ ಅಲ್ಲೇನೋ ಆಟದ ಮನಿ? ನಿನ್ನ ಫೋಟೋ ಎಲ್ಲಿ?"

"ಜಾಗಾ ಸಾಲಿಲ್ರಿ ಅಯ್ಯಾರ."

ಅಯ್ಯನವರು ಇನ್ನಷ್ಟು ಬಗ್ಗಿ ನೋಡಿದರು. ಎಡಕ್ಕೆ ಒಂದಿಡೀ ಫುಟ್ಟು ಖಾಲಿ ಇತ್ತು. ಸಂಜೆ ಹೋಗುವಾಗ, "ಸೋಮವಾರ ಲಗೂ ಬಾ, ಕೆಲಸಾ ಭಾಳ ಐತಿ" ಅಂದರು. ಅಷ್ಟರಲ್ಲೇ ಎಲ್ಲ ಹೇಳಿದ ಹಾಗಾಯಿತು.

ಆದರೆ ಯಾಕೂಬ ಪೂರ್ತಿ ಸತ್ತಿರಲಿಲ್ಲ. ಕಣ ಇನ್ನೂ ತನ್ನ ಮನೆಯಲ್ಲಿದೆ. ಎರಡು ಊರಿನ ಕುಸ್ತಿ ನಡೆಯಬೇಕಾದರೆ ಅಥಣಿ ರಸ್ತೆಯ ತನ್ನ ಕಂಪ್ಯೂಟರು ಉಸಿರಾಡುತ್ತಿರಬೇಕು. ರವಿವಾರ ಸರಿಯಾಗಿ ಹನ್ನೊಂದಕ್ಕೆ, ಅಲ್ಲಿ ರಿಬ್ಬನ್ನು ಕತ್ತರಿಸುವ ಹೊತ್ತಿಗೆ, ಯಾಕೂಬ ಇಲ್ಲಿ ಪ್ಲಗ್ಗು ಕಿತ್ತ. ಅಷ್ಟಕ್ಕೇ ಸಾಲದೆ ನೆಟ್ಟಿನ ಡಬ್ಬಿಯನ್ನೂ ಬಂದ್ ಮಾಡಿದ.

"ಅದರ ಗುಂಯ್ ಅನ್ನೂದು ನಿಂತೈತಲ್ಲೋ ಬೇಟಾ," ಅಂದಳು ರೊಟ್ಟಿ ಬಡಿಯುತ್ತಿದ್ದ ಮದೀನಾಬಿ. "ಕೆಟ್ಟೈತೇನು?"

"ಇವತ್ತ ಅದಕ್ಕ ಸೂಟಿ ಅಮ್ಮಿ."

ಫೋನನ್ನು ಎದುರಿಗಿಟ್ಟುಕೊಂಡು ಕೂತ. ಮುತ್ತು ಗಾಬರಿಯಾಗಿ ಫೋನ್ ಮಾಡುತ್ತಾನೆ. ಮೊದಲ ಸಲಕ್ಕೆ ಎತ್ತಬಾರದು. ಮೂರನೆಯ ಸಲಕ್ಕೆ ಎತ್ತಿ, "ಏನಾತೋ? ಹಾಳಿ ನೋಡ್ರಿ ಹಾಳಿ" ಅನ್ನಬೇಕು. ಆ ಮಾತನ್ನು ತಣ್ಣಗೆ ಒಮ್ಮೆ, ವ್ಯಂಗ್ಯವಾಗಿ ಒಮ್ಮೆ ಅಂದು ನೋಡಿದ. ಹನ್ನೊಂದೂಕಾಲು. ಹನ್ನೊಂದೂವರೆ. ಫೋನ್ ಬಾರಿಸಿತು. ಸೋಮು.

"ಯಾಕೂಬಣ್ಣಾ, ನಿಮ್ಮ ಲೈನ್ ಬಂದ್ ತೋರಿಸಾಕತ್ತೈತಲ್ರಿ. ಏನರೆ ತೊಂದ್ರೆ ಐತೇನು?"

ಇಡೀ ಜಿಲ್ಲೆಯಲ್ಲಿ ಅವನು ಬಂದಾಗಿದ್ದು ತಿಳಿದವನು ಲೈನಿನವನೊಬ್ಬನೇ.

ಹನ್ನೆರಡಕ್ಕೆ ಯಾಕೂಬ ಎಲ್ಲ ಮತ್ತೆ ಚಾಲೂ ಮಾಡಿದ. ಈ ಹೊತ್ತಿನಲ್ಲಿ ಎಲ್ಲೆಲ್ಲಿ ಯಾರ್ಯಾರ ಕಣ ತೆರೆದಿದೆ ಅನ್ನುವ ಪಟ್ಟಿ ಎಮ್ಯುಲೇಟರಿನಲ್ಲೇ ಸಿಗುತ್ತದೆ. ಪಟ್ಟಿ ಇಳಿಸುತ್ತ ಹೋದ. ಯಾವ್ಯಾವುದೋ ದೇಶದ ಹೆಸರುಗಳ ನಡುವೆ ಟಿಕೋಟಾ-ಬಬಲೇಶ್ವರ ಅಂತಿತ್ತು. ನಡೆಸುವವನು: ಅಜರ. ಹಾಳಿಯ ಹನ್ನೊಂದನೇ ಸಾಲು ನೋಡಿಕೊಂಡು ಕಣವನ್ನು ಎತ್ತಿ ಟಿಕೋಟಾಕ್ಕೆ ಒಯ್ದಿದ್ದ. ಮೂರು ವಾರ ‘ನೆಟ್ ಇಲ್ಲ’ ಅಂದದ್ದು ಇದಕ್ಕೆ. ಸೋಮುನ ಮಾವನೇ ಖರೆ ಹೇಳಿದ್ದ.

ಒಳಗೆ ಹೋಗುವ ವಿಚಾರ ಇರಲಿಲ್ಲ. ಸುಮ್ಮನೆ ಒತ್ತಿದ. ಪಾಸ್‌ವರ್ಡ್ ಕೇಳಿತು. ತಾನೇ ಇಟ್ಟಿದ್ದ ಹಳೆಯ ಶಬ್ದವನ್ನು ಹಾಕಿದ. ಬಾಗಿಲು ತೆರೆಯಿತು. ಅದನ್ನೂ ಬದಲಿಸಿರಲಿಲ್ಲ, ತನ್ನಿಂದ ಏನಾದರೂ ಅಪಾಯ ಇದೆ ಅಂತ ಅವರಿಗೆ ಅನ್ನಿಸಿರಲಿಲ್ಲ.

ಪರದೆಯ ಮೇಲೆ ಕೆಂಪು ಪೈಲ್ವಾನ ನೀಲಿಯವನನ್ನು ಎತ್ತಿ ಹಿಡಿದಿದ್ದ. ಕೆಳಗೆ ಹಳದಿ ಅಕ್ಷರದಲ್ಲಿ, ಯಾಕೂಬ ನೋಡುಗನಾಗಿ ಸೇರಿದ್ದಾನೆ ಅಂತ ಇಂಗ್ಲಿಷಿನಲ್ಲಿ ಬಂದು ಹೋಯಿತು. ಎರಡು ನಿಮಿಷಕ್ಕೆ ಫೋನ್ ಬಾರಿಸಿತು. ಈ ಸಲ ಮುತ್ತು. ಮೂರು ಸಲ ಕಾಯಿಸುವುದು ಮರೆತು ಮೊದಲ ಗಂಟೆಗೇ ಎತ್ತಿದ.

"ಲೇ ಯಾಕ್ಯಾ, ಒಳಗ ಬಂದೀ ಏನು? ದೊಡ್ಡ ಟಿವಿ ಮ್ಯಾಲ ನಿನ್ನ ಹೆಸರು ಬಂತು."

"ಬಂದೇನಿ."

"ಮಂದಿ ಕೇಳಾಕತ್ತಾರೋ, ಯಾಂವ ಈ ಯಾಕೂಬ ಅಂತ. ದೊಡ್ಡ ದೊಡ್ಡವ್ರು ಕುಂತಾರ."

"ನೀ ಏನಂದಿ?"

"ಕಂಪನಿಯಾಂವ ಅಂದೆ."

ಯಾಕೂಬ ಪರದೆ ನೋಡಿದ. ಕೆಂಪಿನವನು ನೀಲಿಯವನನ್ನು ನೆಲಕ್ಕೆ ಹಾಕಿದ್ದ. ರೆಫ್ರಿ ಬಗ್ಗಿ ಎಣಿಸುತ್ತಿದ್ದ.

"ಸಿಟ್ಟಾಗಬ್ಯಾಡ ದೋಸ್ತ," ಮುತ್ತು ದನಿ ತಗ್ಗಿಸಿದ. "ಇನ್ನೊಬ್ಬ ಯಾಂವರೆ ಹಿಂಗ ನಡುವ ಬಂದ್ರ ಏನ್ ಮಾಡೂದು? ಬಾಗಲಾ ಬಂದ್ ಮಾಡೂದು ಹೆಂಗ? ನಿನ್ನ ಹಾಳ್ಯಾಗ ಅದೊಂದು ಇಲ್ಲಲ್ಲೋ."

ಇರಲಿಲ್ಲ ನಿಜ. ಮೂವರೇ ಇರುವ ಕಡೆ ಯಾರಿಗೆ ಬಾಗಿಲು ಹಾಕುವುದು ಅಂತ ಆ ಸಾಲು ಬರೆದೇ ಇರಲಿಲ್ಲ.

"ಅದು ಕಣ ನಡಸಾಂವ ಮಾಡಬೇಕು," ಅಂತ ತನ್ನ ಬಾಯಿ ಹೇಳುತ್ತಿರುವುದು ಯಾಕೂಬನಿಗೇ ಕೇಳಿಸಿತು. "ಅಜರುದ್ದೀನನ್ನ ಲೈನಿಗೆ ತಗೋ."

ಬಬಲೇಶ್ವರದ ಸದ್ದಿಗೆ ಇನ್ನೊಂದು ಸದ್ದು ಬಂದು ಕೂಡಿತು. ಟಿಕೋಟಾದ ಗದ್ದಲ, ಅದರ ಹಿಂದೆ ತೆಳ್ಳಗೆ ಒಂದು ದನಿ. "ಭಾಯ್... ಸಲಾಂ."

"ಆಟ ನಿಲ್ಲಸು. ಎರಡ ನಿಮಿಷ ಸಾಕು," ಅಂದ ಯಾಕೂಬ. "ಸೆಟ್ಟಿಂಗಿಗೆ ಹೋಗು. ನೆಟ್‌ವರ್ಕ್ ಒತ್ತು. ಕೆಳಗ ಬಾ. ಇನ್ನೂ ಕೆಳಗ. ಪಾಸ್‌ವರ್ಡ್ ಅಂತ ಐತಿ ನೋಡು."

"ಐತಿ ಭಾಯ್. ಎರಡ ಅದಾವ."

"ಮ್ಯಾಲಿಂದು ಆಡಾವ್ರಿಗೆ, ಕೆಳಗಿಂದು ನೋಡಾವ್ರಿಗೆ. ಎರಡೂ ಅಳಸಿ ಹೊಸಾದು ಹಾಕು. ಗಟ್ಟ್ಯಾಗಿ ಓದಬ್ಯಾಡ. ನನಗ ಹೇಳಬ್ಯಾಡ."

ಟಕ್ ಟಕ್ ಅಂತ ಕೀಲಿಗಳ ಸದ್ದು. ಅಜರುದ್ದೀನ ಮೂಗು ಸೇದಿಕೊಂಡ. "ಭಾಯ್, ಮುತ್ತಣ್ಣ ಅಂದ, ನಿಮಗ ಎಲ್ಲಾ ಹೇಳೇನಿ ಅಂತ..."

"ಹಾಕಿದೇನು?"

"ಹಾಕಿದೆ."

"ಕಣ ಬಂದ್ ಮಾಡಿ ಮತ್ತ ತಗೀ. ಇಲ್ಲಂದ್ರ ಹಳೇದ ನಡೀತೈತಿ."

ಪರದೆ ಕಪ್ಪಾಯಿತು. ಎರಡೂ ಊರಿನಿಂದ ‘ಏ’ ಅನ್ನುವ ಕೂಗು ಫೋನಿನಲ್ಲಿ ಒಮ್ಮೆಲೇ ಬಂತು. ಪಟ್ಟಿಯಲ್ಲಿ ಕಣದ ಹೆಸರು ಮತ್ತೆ ಮೂಡಿದಾಗ ಯಾಕೂಬ, "ಈಗ ನಾ ಬರಾಕ ನೋಡ್ತೀನಿ, ತಡೀರಿ" ಅಂದ. ಹಳೆಯ ಶಬ್ದ ಹಾಕಿ ಒತ್ತಿದ. ತಪ್ಪು ಅಂದಿತು. ತಾನೇ ಎಲ್ಲೋ ಅಕ್ಷರ ತಪ್ಪಿರಬಹುದು ಅಂತ, ನಿಧಾನಕ್ಕೆ, ಒಂದೊಂದೇ ಬೆರಳಿಟ್ಟು, ಇನ್ನೊಮ್ಮೆ ಹಾಕಿದ. ಮತ್ತೂ ತಪ್ಪು ಅಂದಿತು.

"ಆಗವಲ್ದು," ಅಂದ.

"ಖರೇನ?" ಅಂದ ಮುತ್ತು.

"ಖರೇನ. ಬರೋಬ್ಬರಿ ಆಗೇತಿ."

"ಶಾಬಾಸ್! ನೀ ಇಲ್ಲಂದ್ರ ಆಗತಿರಲಿಲ್ಲ ನೋಡು ದೋಸ್ತ," ಅಂದ ಮುತ್ತು, ಮನಸಾರೆ. ಹಿಂದೆ ಯಾರೋ ಸೀಟಿ ಊದಿದರು. ಕುಸ್ತಿ ಮತ್ತೆ ಶುರುವಾಯಿತು.